ಘಟೋತ್ಕಚನ ಹೆಜ್ಜೆ, ನಾಗಿಣಿಯ ಕಣ್ಣು, ಮನುಷ್ಯನ ಬೆವರು

ನಿಮಗೊಂದು ಪ್ರಶ್ನೆ. ಘಟೋತ್ಕಚ ಶಶಿರೇಖೆಯಾಗಬಲ್ಲ. ಹಾವು ಹೆಣ್ಣಾಗಬಲ್ಲದು. ಮಹಾವಿಷ್ಣು ಮೋಹಿನಿಯಾಗಬಲ್ಲ. ಹಾಗಾದರೆ ಈ ಮೂವರೂ ಕಲಿತದ್ದು ಒಂದೇ ವಿದ್ಯೆಯೇ? ಮೂವರೂ ಒಂದೇ ಗರಡಿಯವರೇ?

‘ಎಲ್ಲಾ ಮಾಯೆ ಕಣಯ್ಯಾ, ಅದರಲ್ಲೇನು ವ್ಯತ್ಯಾಸ?’ ಅಂತ ನೀವಂದರೆ ನಾನು ಒಪ್ಪೋದಿಲ್ಲ. ನಮ್ಮ ಪೌರಾಣಿಕ, ಜಾನಪದ ಚಿತ್ರಗಳ ಲೋಕಕ್ಕೆ ಅದರದೇ ಆದ ಒಂದು ಕಾನೂನು ಪುಸ್ತಕ ಇದೆ. ಅದನ್ನು ಯಾರೂ ಅಚ್ಚು ಹಾಕಿಸಿಲ್ಲ. ಆದರೂ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂರುವ ಗಾಂಧಿ ಕ್ಲಾಸಿನ ಪ್ರೇಕ್ಷಕನಿಗೂ ಅದು ಬಾಯಿಪಾಠ. ನಾಗಿಣಿ ಇದ್ದಕ್ಕಿದ್ದ ಹಾಗೆ ಹದ್ದಾಗಿ ಹಾರಿಬಿಟ್ಟರೆ ನೋಡಿ, ‘ಏಯ್, ಸುಳ್ಳು!’ ಅಂತ ಮೊದಲು ಕೂಗುವವನು ಅವನೇ. ಹಾವು ಹೆಣ್ಣಾಗುವುದನ್ನು ನಂಬಿದವನು ಹೆಣ್ಣು ಹದ್ದಾಗುವುದನ್ನು ಯಾಕೆ ನಂಬೋದಿಲ್ಲ? ಕಾನೂನು ಮುರಿಯಿತಲ್ಲ, ಅದಕ್ಕೆ!

ಪಿಯುಸಿಗೆ ಅರ್ಧದಲ್ಲೇ ಶರಣು ಹೊಡೆದು ಬೆಂಗಳೂರು ಬಸ್ಸು ಹತ್ತಿದವನು ನಾನು. ಕಾಲೇಜಿನಲ್ಲಿ ಕಲಿತದ್ದು ಕಡಿಮೆ. ಆದರೆ ಈ ರೂಪ ಬದಲಾವಣೆಯ ಶಾಸ್ತ್ರವನ್ನು ಮಾತ್ರ ಶ್ರದ್ಧೆಯಿಂದ ಓದಿದ್ದೇನೆ. ಅದರಲ್ಲಿ ಪ್ರತಿ ಜಾತಿಗೂ ಮೂರು ಪ್ರಶ್ನೆ ಕೇಳಬೇಕು. ಯಾರ ರೂಪ ತೊಡುತ್ತಾರೆ? ಅದಕ್ಕೆ ಏನು ಬೆಲೆ ಕೊಡುತ್ತಾರೆ? ಎಷ್ಟೇ ಬದಲಾದರೂ ಬದಲಾಗದೆ ಉಳಿಯುವ ಗುರುತು ಯಾವುದು? ಬನ್ನಿ, ಒಬ್ಬೊಬ್ಬರನ್ನೇ ಮಾತಾಡಿಸೋಣ.

ಹಾವಿಗೆ ರೆಪ್ಪೆ ಇಲ್ಲ

ಮೊದಲು ನಾಗಜಾತಿ. ನೂರು ವರ್ಷ ಬದುಕಿದ ಹಾವಿಗೆ ಬೇಕಾದ ರೂಪ ತಾಳುವ ಶಕ್ತಿ ಬರುತ್ತದೆ ಅನ್ನೋದು ಜನರ ನಂಬಿಕೆ. ಸಿನಿಮಾದವರು ಇದನ್ನೇ ‘ಇಚ್ಛಾಧಾರಿ’ ಅಂದರು. ಅಂದರೆ ನಾಗನ ವಿದ್ಯೆ ವಯಸ್ಸಿನಿಂದ ಬಂದದ್ದು, ಪಿಂಚಣಿ ಇದ್ದ ಹಾಗೆ. ಹುಟ್ಟಿದ ಮರಿಗೆ ಅದು ಸಿಗೋದಿಲ್ಲ, ಕಾಯಬೇಕು.

1976ರ ಹಿಂದಿ ‘ನಾಗಿನ್’ ನೋಡಿದ್ದೀರಾ? ರಾಜ್‌ಕುಮಾರ್ ಕೊಹ್ಲಿ ನಿರ್ದೇಶನ, ರೀನಾ ರಾಯ್ ನಾಗಿಣಿ. ಪ್ರಿಯಕರ ನಾಗನನ್ನು ಕೊಂದವರ ಮೇಲೆ ಸೇಡು. ಒಬ್ಬೊಬ್ಬನನ್ನೂ ಅವನು ಪ್ರೀತಿಸುವ ಹೆಣ್ಣಿನ ರೂಪದಲ್ಲೇ ಹತ್ತಿರ ಹೋಗಿ ಮುಗಿಸುತ್ತಾಳೆ. ಇದನ್ನೇ ತಮಿಳಿನವರು 1979ರಲ್ಲಿ ‘ನೀಯಾ?’ ಅಂತ ತೆಗೆದರು. ಅಲ್ಲಿ ಶ್ರೀಪ್ರಿಯಾ ನಾಗಿಣಿ, ಜೊತೆಗೆ ಕಮಲಹಾಸನ್. ಹತ್ತು ವರ್ಷ ಕಳೆದ ಮೇಲೆ, 1986ರಲ್ಲಿ ‘ನಗೀನಾ’ ಬಂತು. ನಾಗಿಣಿ ಶ್ರೀದೇವಿ, ನಮ್ಮ ‘ಭಕ್ತ ಕುಂಬಾರ’ದಲ್ಲಿ ಪುಟ್ಟ ಹುಡುಗಿಯಾಗಿ ಅಣ್ಣಾವ್ರ ಜೊತೆ ನಟಿಸಿದ್ದ ಅದೇ ಶ್ರೀದೇವಿ. ಇವಳು ಯಾರ ರೂಪವನ್ನೂ ಕದಿಯೋದಿಲ್ಲ. ತನ್ನದೇ ಒಂದು ಹೆಣ್ಣುರೂಪ, ಅದರಲ್ಲೇ ಮದುವೆ, ಅದರಲ್ಲೇ ಸಂಸಾರ. ಅಮರೀಶ್ ಪುರಿ ಹಾವಾಡಿಗರ ದಂಡು ಕಟ್ಟಿಕೊಂಡು ಬಂದಾಗ ಅವಳು ಹೋರಾಡೋದು ಆ ಒಂದು ರೂಪವನ್ನು ಉಳಿಸಿಕೊಳ್ಳೋದಕ್ಕೆ.

ನೋಡಿ, ಒಂದೇ ಜಾತಿಯಲ್ಲಿ ಎರಡು ದಾರಿ! 1976ರವಳದ್ದು ಕದ್ದ ರೂಪ, 1986ರವಳದ್ದು ಸ್ವಂತ ರೂಪ. ಮೊದಲನೆಯವಳಿಗೆ ನಾವು ಹೆದರಿದೆವು. ಎರಡನೆಯವಳ ಪರವಾಗಿ ಥಿಯೇಟರಿನಲ್ಲಿ ಕೂತು ದೇವರಿಗೆ ಹರಕೆ ಹೊತ್ತೆವು. ಈ ವ್ಯತ್ಯಾಸ ನೆನಪಿರಲಿ, ಮುಂದೆ ಕೆಲಸಕ್ಕೆ ಬರುತ್ತೆ.

ಇನ್ನು ನಾಗಿಣಿಯ ಗುರುತು ಯಾವುದು? ಕಣ್ಣು! ಬಣ್ಣದ ಲೆನ್ಸ್ ಹಾಕಿ, ರೆಪ್ಪೆ ಬಡಿಯದೆ ದಿಟ್ಟಿಸುವ ಆ ಕಣ್ಣು. ಇದರಲ್ಲಿ ಸಿನಿಮಾದವರು ಸುಳ್ಳು ಹೇಳಿಲ್ಲ. ಹಾವಿಗೆ ನಿಜವಾಗಿಯೂ ಅಲ್ಲಾಡುವ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಗಾಜಿನಂಥ ಒಂದು ಪೊರೆ ಇರುತ್ತೆ, ಪೊರೆ ಬಿಡುವಾಗ ಅದೂ ಕಳಚಿಕೊಳ್ಳುತ್ತೆ. ಪುಂಗಿಯ ವಿಷಯದಲ್ಲಿ ಮಾತ್ರ ನಮಗೆ ಟೋಪಿ ಹಾಕಿದರು. ಹಾವಿಗೆ ಹೊರಕಿವಿ ಇಲ್ಲ. ಅದು ತಲೆದೂಗೋದು ಹಾವಾಡಿಗನ ಕೈ ಮತ್ತು ಪುಂಗಿ ಅಲ್ಲಾಡುವುದನ್ನು ನೋಡಿ. ಇನ್ನೂ ತಮಾಷೆ ಕೇಳಿ. 1954ರ ‘ನಾಗಿನ್’ ಚಿತ್ರದ ಪುಂಗಿಯ ನಾದಕ್ಕೆ ಇಡೀ ದೇಶ ತಲೆದೂಗಿತಲ್ಲ, ಸಂಗೀತ ಹೇಮಂತ್ ಕುಮಾರ್ ಅವರದ್ದು, ಆ ನಾದ ಹೊರಟದ್ದು ಪುಂಗಿಯಿಂದಲ್ಲ. ಕ್ಲಾವಿಯೋಲಿನ್ ಅನ್ನೋ ಕರೆಂಟಿನ ವಾದ್ಯದಿಂದ. ನುಡಿಸಿದವರು ಕಲ್ಯಾಣ್‌ಜೀ. ಆ ಚಿತ್ರದಲ್ಲಿ ರೂಪ ಬದಲಿಸುವ ಹಾವೇ ಇಲ್ಲ. ರೂಪ ಬದಲಿಸಿದ್ದು ಪುಂಗಿ!

ರಾಕ್ಷಸರು ಮೈ ಬದಲಿಸುತ್ತಾರೆ, ನಡಿಗೆ ಬದಲಿಸೋಲ್ಲ

ಎರಡನೆಯದು ರಾಕ್ಷಸಜಾತಿ. ಇವರಿಗೆ ನೂರು ವರ್ಷ ಕಾಯುವ ಕಷ್ಟವಿಲ್ಲ, ವಿದ್ಯೆ ಹುಟ್ಟಿನಿಂದಲೇ ಬಂದದ್ದು. ಪುರಾಣಗಳು ಇವರನ್ನು ‘ಕಾಮರೂಪಿ’ಗಳು ಅಂತ ಕರೆಯುತ್ತವೆ. ಹಿಡಿಂಬೆ ಭೀಮನನ್ನು ನೋಡಿ ಮನಸೋತು ಚೆಲುವೆಯಾದಳು. ಮಾರೀಚ ಚಿನ್ನದ ಜಿಂಕೆಯಾದ. ರಾಕ್ಷಸರಿಗೆ ತಮ್ಮ ಜಾತಿಯ ಗಡಿಯೂ ಇಲ್ಲ. ಗಂಡು, ಹೆಣ್ಣು, ಮೃಗ, ಪಕ್ಷಿ, ಸಂನ್ಯಾಸಿ, ಯಾವ ವೇಷ ಬೇಕಾದರೂ ಸೈ.

ಆದರೆ ಬೆಲೆ? ಮಾರೀಚನನ್ನೇ ಕೇಳಿ. ರಾಮಬಾಣ ತಾಗಿದ ಕೂಡಲೇ ಜಿಂಕೆಯ ಮೈ ಕಳಚಿ ಬಿತ್ತು, ರಾಕ್ಷಸದೇಹ ಬಯಲಿಗೆ ಬಂತು. ಸಾಯುವ ಗಳಿಗೆಯಲ್ಲಿ ಕದ್ದ ರೂಪ ಕೈಕೊಡುತ್ತೆ, ಇದು ರಾಕ್ಷಸರ ಕಾನೂನು. ಆದರೆ ಮಾರೀಚ ಆ ಸ್ಥಿತಿಯಲ್ಲೂ ರಾಮನ ದನಿಯಲ್ಲಿ ಕೂಗಿಯೇ ಪ್ರಾಣ ಬಿಟ್ಟ. ಕದ್ದ ಮೈ ಹೋದರೂ ಕದ್ದ ದನಿಯನ್ನು ಬಿಡಲಿಲ್ಲ. ಸೀತೆಯ ಕಷ್ಟವೆಲ್ಲ ಆ ದನಿಯಿಂದ ಶುರುವಾಯಿತು.

ಘಟೋತ್ಕಚನದು ಇದರ ತದ್ವಿರುದ್ಧ. ಕರ್ಣನ ಶಕ್ತ್ಯಾಯುಧ ಎದೆಗೆ ಬಿದ್ದಾಗ ಅವನು ಮೈಯನ್ನು ಬೆಟ್ಟದಂತೆ ಬೆಳೆಸಿಕೊಂಡು ಕೌರವ ಸೈನ್ಯದ ಮೇಲೆ ಬಿದ್ದ. ಒಂದು ಅಕ್ಷೌಹಿಣಿ ಅವನ ಹೆಣದ ಅಡಿಯಲ್ಲಿ ಅಪ್ಪಚ್ಚಿ! ಕೊನೆಯ ರೂಪವನ್ನೂ ತನ್ನವರಿಗಾಗಿ ಖರ್ಚು ಮಾಡಿದ ಪುಣ್ಯಾತ್ಮ.

ಇದೇ ಘಟೋತ್ಕಚನನ್ನು ನಮ್ಮ ಮನೆಮನೆಯ ನೆಂಟನನ್ನಾಗಿ ಮಾಡಿದ್ದು 1957ರ ‘ಮಾಯಾಬಜಾರ್’. ಕೆ.ವಿ. ರೆಡ್ಡಿ ನಿರ್ದೇಶನ, ಮಾರ್ಕಸ್ ಬಾರ್ಟ್ಲಿ ಕ್ಯಾಮೆರಾ. ಎಸ್.ವಿ. ರಂಗರಾಯರ ಘಟೋತ್ಕಚ ಸಾವಿತ್ರಿಯವರ ಶಶಿರೇಖೆಯಾಗುತ್ತಾನೆ. ಕೆಲಸ ಅಲ್ಲಿಂದ ಯಾರದು? ಸಾವಿತ್ರಿಯವರದು! ನವಿರಾದ ಹೆಣ್ಣಿನ ಮೈಯೊಳಗೆ ಗದೆ ಹೊತ್ತ ಗಂಡು ರಾಕ್ಷಸನೊಬ್ಬ ಕೂತಿದ್ದಾನೆ ಅಂತ ಆಕೆ ನಮಗೆ ನಂಬಿಸಬೇಕು. ಮಾಡಿದ್ದೇನು ಗೊತ್ತೇ? ಹೆಜ್ಜೆ ಬದಲಿಸಿದರು, ಅಷ್ಟೆ. ಎದೆ ಸೆಟೆಸಿ ನಡೆದರು, ಕತ್ತು ಗಂಡಸಿನಂತೆ ತಿರುಗಿಸಿದರು, ಆಮೇಲೆ ಥಟ್ಟನೆ ನೆನಪಾಗಿ ನಾಚಿಕೊಂಡರು. ಹಸೆಮಣೆಯ ಮೇಲೆ ಮದುಮಗ ಲಕ್ಷ್ಮಣಕುಮಾರನಿಗೆ ಆಗುವ ಪಾಡು ನೋಡಿ ನಕ್ಕವರೆಷ್ಟು! ರಾಕ್ಷಸನ ಗುರುತು ಅವನ ನಡಿಗೆ ಅನ್ನೋ ಪಾಠವನ್ನು ನಾನು ಕಲಿತದ್ದು ಸಾವಿತ್ರಿಯವರ ಪಾದ ನೋಡಿ. 2010ರಲ್ಲಿ ಚಿತ್ರಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ಆ ಹೆಜ್ಜೆಗೆ ಬಣ್ಣದ ಅಗತ್ಯವೇ ಇರಲಿಲ್ಲ ಬಿಡಿ.

ದೇವರಿಗೆ ನೆರಳಿಲ್ಲ, ಬೆವರಿಲ್ಲ

ಮೂರನೆಯದು ದೇವತೆಗಳು. ಇವರ ರೂಪ ಬದಲಾವಣೆಗೆ ಸಾಮಾನ್ಯವಾಗಿ ಒಂದು ಕಾರಣ ಇರುತ್ತೆ. 1983ರ ‘ಭಕ್ತ ಪ್ರಹ್ಲಾದ’ ನೆನಪು ಮಾಡಿಕೊಳ್ಳಿ. ಹಿರಣ್ಯಕಶಿಪು ನಮ್ಮ ರಾಜಣ್ಣ, ಪ್ರಹ್ಲಾದ ಅವರ ಮಗ ಪುನೀತ್. ಹಿರಣ್ಯಕಶಿಪುವಿನ ವರ ಹೇಗಿತ್ತು? ಮನುಷ್ಯನಿಂದ ಸಾವಿಲ್ಲ, ಮೃಗದಿಂದ ಸಾವಿಲ್ಲ, ಹಗಲಿಲ್ಲ, ಇರುಳಿಲ್ಲ, ಒಳಗಿಲ್ಲ, ಹೊರಗಿಲ್ಲ. ದೊಡ್ಡ ವಕೀಲನೇ ಕೂತು ಬರೆದ ಕರಾರುಪತ್ರ! ಅದಕ್ಕೆ ಉತ್ತರವಾಗಿ ಅರ್ಧ ಮನುಷ್ಯ ಅರ್ಧ ಸಿಂಹ, ಮುಸ್ಸಂಜೆ, ಹೊಸ್ತಿಲು. ಕರಾರಿನ ಒಂದೊಂದು ಮಾತಿಗೂ ನರಸಿಂಹನ ಮೈಯಲ್ಲಿ ಉತ್ತರವಿದೆ.

ದೇವರು ಮತ್ತು ಅಸುರ ಒಟ್ಟಿಗೇ ವೇಷ ಹಾಕಿದ ಒಂದು ಪ್ರಸಂಗವೂ ಇದೆ. ಅಮೃತ ಬಡಿಸುವಾಗ ವಿಷ್ಣು ಮೋಹಿನಿಯಾಗಿದ್ದ. ದೇವತೆಗಳ ಪಂಕ್ತಿಯಲ್ಲಿ ಅಸುರನೊಬ್ಬ ದೇವತೆಯ ವೇಷದಲ್ಲಿ ಕೂತ. ಬಡಿಸುವವಳೂ ವೇಷ, ಉಣ್ಣುವವನೂ ವೇಷ! ಸೂರ್ಯ ಚಂದ್ರರು ಗುಟ್ಟು ಹೇಳಿದರು, ಚಕ್ರ ಬಂತು, ತಲೆ ಹೋಯಿತು. ಅವನೇ ರಾಹು. ‘ವಿಷ್ಣು ಮಾಡಿದರೆ ಲೀಲೆ, ಅಸುರ ಮಾಡಿದರೆ ಮೋಸವೇ?’ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ದೇವರಿಗೂ ಶಿಕ್ಷೆ ತಪ್ಪಿಲ್ಲ. ಗೌತಮನ ರೂಪ ಕದ್ದು ಅಹಲ್ಯೆಯ ಹತ್ತಿರ ಹೋದ ದೇವೇಂದ್ರನಿಗೆ ಶಾಪ ತಗುಲಿತು. ರೂಪ ಕದ್ದದ್ದು ಒಬ್ಬ, ಕಲ್ಲಾಗಿ ಬಿದ್ದದ್ದು ಆ ಹೆಣ್ಣು. ಈ ಕಥೆ ಕೇಳಿದಾಗಲೆಲ್ಲ ನನಗೆ ಇಂದ್ರನ ಶಾಪ ಸಾಲದು ಅನ್ನಿಸುತ್ತೆ.

ದೇವತೆಗಳ ಗುರುತು ಏನು? ಇದಕ್ಕೆ ದಮಯಂತಿಯನ್ನು ಕೇಳಬೇಕು. ಅವಳ ಸ್ವಯಂವರಕ್ಕೆ ಇಂದ್ರ, ಅಗ್ನಿ, ವರುಣ, ಯಮ ನಾಲ್ವರೂ ನಳನ ರೂಪದಲ್ಲೇ ಬಂದು ಕೂತರು. ಸಾಲಾಗಿ ಐವರು ನಳರು! ಹುಡುಗಿ ಹೂಮಾಲೆ ಹಿಡಿದು ಕಂಗಾಲಾದಳು. ‘ನಿಮ್ಮ ನಿಜ ತೋರಿಸಿ’ ಅಂತ ದೇವತೆಗಳನ್ನೇ ಬೇಡಿಕೊಂಡಳು. ಆಗ ಕಂಡಿತು. ನಾಲ್ವರ ಮೈಯಲ್ಲಿ ಬೆವರಿಲ್ಲ. ಕಣ್ಣು ಮಿಟುಕೋದಿಲ್ಲ. ಕೊರಳ ಹೂ ಬಾಡಿಲ್ಲ. ಪಾದ ನೆಲಕ್ಕೆ ತಾಗಿಲ್ಲ, ನೆರಳೂ ಬಿದ್ದಿಲ್ಲ. ಐದನೆಯವನು ಮಾತ್ರ ಧೂಳು ಹಿಡಿದು, ಬೆವರಿ, ಬಾಡಿದ ಹಾರ ಹಾಕಿಕೊಂಡು, ಕಣ್ಣು ಪಿಳಿಪಿಳಿ ಬಿಡುತ್ತಾ ನೆಲದ ಮೇಲೆ ನಿಂತಿದ್ದ.

ದಮಯಂತಿ ಮಾಲೆ ಹಾಕಿದ್ದು ಆ ಬೆವರಿದವನಿಗೆ! ನನ್ನ ಲೆಕ್ಕದಲ್ಲಿ ಮನುಷ್ಯಜಾತಿಗೆ ಸಿಕ್ಕಿದ ಅತಿ ದೊಡ್ಡ ಪ್ರಶಸ್ತಿ ಅದು.

ನಾಲ್ಕನೆಯವನು ನಮ್ಮವನು

ಹಾಗಾದರೆ ಮನುಷ್ಯನಿಗೆ ಈ ವಿದ್ಯೆ ಇಲ್ಲವೇ? ಇದೆ. ಆದರೆ ಹುಟ್ಟಿನಿಂದ ಬಂದದ್ದಲ್ಲ, ವಯಸ್ಸಿನಿಂದ ಬಂದದ್ದೂ ಅಲ್ಲ. ತಪಸ್ಸಿನಿಂದಲೋ ಶಾಪದಿಂದಲೋ ಸಂಪಾದಿಸಬೇಕು. ಕಿಂದಮ ಮುನಿ ತಪಸ್ಸಿನ ಬಲದಿಂದ ಜಿಂಕೆಯಾಗಿ ಹೆಂಡತಿಯೊಡನೆ ಕಾಡಿನಲ್ಲಿದ್ದಾಗ ಪಾಂಡುವಿನ ಬಾಣ ನಾಟಿತು. ಜಿಂಕೆಯ ಮೈ ತೊಟ್ಟರೆ ಜಿಂಕೆಯ ಸಾವೂ ಜೊತೆಗೇ ಬರುತ್ತೆ. ಅರ್ಜುನ ಬೃಹನ್ನಳೆಯಾದದ್ದು ಊರ್ವಶಿಯ ಶಾಪದಿಂದ. ನಳ ಕುರೂಪಿ ಬಾಹುಕನಾದದ್ದು ಕಾರ್ಕೋಟಕ ಸರ್ಪ ಕಚ್ಚಿದ್ದರಿಂದ. ನೋಡಿ, ಇಲ್ಲಿ ಹಾವು ತಾನು ಬದಲಾಗದೆ ಮನುಷ್ಯನನ್ನು ಬದಲಿಸಿತು. ಹಳೆಯ ರೂಪ ವಾಪಸ್ಸು ಬರಲಿ ಅಂತ ಒಂದು ಜೊತೆ ಬಟ್ಟೆಯನ್ನೂ ಕೊಟ್ಟಿತು. ಕಚ್ಚಿದರೂ ದೊಡ್ಡ ಮನಸ್ಸಿನ ಹಾವು.

ತಪಸ್ಸೂ ಇಲ್ಲದೆ, ಶಾಪವೂ ಇಲ್ಲದೆ, ಬರೀ ಬಟ್ಟೆ ಹಾಕಿಕೊಂಡು ‘ನಾನೇ ವಾಸುದೇವ’ ಅಂದ ಪೌಂಡ್ರಕನ ಗತಿ ಏನಾಯಿತು? ಸುಳ್ಳು ಶಂಖ, ಸುಳ್ಳು ಚಕ್ರ. ನಿಜವಾದ ಚಕ್ರ ಬಂದಾಗ ಕಥೆ ಮುಗಿಯಿತು. ಇಲ್ಲಿ ನೀವು ‘ಗಣಪತಿ ಹಬ್ಬದ ಆರ್ಕೆಸ್ಟ್ರಾದಲ್ಲಿ ಜೂನಿಯರ್ ರಾಜ್‌ಕುಮಾರ್, ಜೂನಿಯರ್ ವಿಷ್ಣು ಬರ್ತಾರಲ್ಲ, ಅವರೂ ಪೌಂಡ್ರಕರೇ?’ ಅಂತ ಜಗಳಕ್ಕೆ ಬರಬೇಡಿ. ಅಲ್ಲವೇ ಅಲ್ಲ! ಅವರು ‘ನಾನು ಜೂನಿಯರ್’ ಅಂತ ಬೋರ್ಡು ಹಾಕಿಕೊಂಡೇ ವೇದಿಕೆ ಹತ್ತುತ್ತಾರೆ. ಹೇಳಿ ತೊಟ್ಟ ರೂಪ ಪ್ರೀತಿ. ಹೇಳದೆ ತೊಟ್ಟದ್ದು ಮೋಸ.

ನಮ್ಮ ಚಿತ್ರರಂಗ ಹುಟ್ಟಿದ್ದೇ ಹೀಗೆ ಹೇಳಿ ತೊಟ್ಟ ರೂಪದಿಂದ. ಫಾಲ್ಕೆಯವರ 1913ರ ‘ರಾಜಾ ಹರಿಶ್ಚಂದ್ರ’ದಲ್ಲಿ ತಾರಾಮತಿ ಪಾತ್ರ ಮಾಡಿದ್ದು ಸಾಳುಂಕೆ ಅನ್ನೋ ಗಂಡಸು. ಅದೇ ಸಾಳುಂಕೆ 1917ರ ‘ಲಂಕಾ ದಹನ’ದಲ್ಲಿ ರಾಮನೂ ಆದರು, ಸೀತೆಯೂ ಆದರು! ಒಂದೇ ಚಿತ್ರ, ಒಂದೇ ಮೈ, ಗಂಡನೂ ಅವರೇ ಹೆಂಡತಿಯೂ ಅವರೇ. ಯಾವ ಘಟೋತ್ಕಚ ಮಾಡಿದ್ದಾನೆ ಸ್ವಾಮಿ ಇದನ್ನ?

ನನಗೆ ಗೊತ್ತಿರುವ ಕಾಮರೂಪಿ ಮಾತ್ರ ನಮ್ಮಪ್ಪ. ನಮ್ಮದು ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ನಮ್ಮ ಕಡೆ ‘ಕುರುಕ್ಷೇತ್ರ’ ನಾಟಕ ಆಡೋದು ನಿಮಗೆ ಗೊತ್ತೇ ಇದೆ. ಅಲ್ಲಿ ಪಾತ್ರಧಾರಿಗೆ ಯಾರೂ ಸಂಬಳ ಕೊಡೋದಿಲ್ಲ. ಪಾತ್ರಧಾರಿಯೇ ದುಡ್ಡು ಕೊಟ್ಟು ಪಾತ್ರ ತಗೋಬೇಕು. ದುರ್ಯೋಧನ, ಕೃಷ್ಣ ದುಬಾರಿ. ದ್ವಾರಪಾಲಕ ಅಗ್ಗ. ಅಪ್ಪ ವರ್ಷಗಟ್ಟಲೆ ಸಣ್ಣಪುಟ್ಟ ಪಾತ್ರ ಮಾಡಿ, ಕೊನೆಗೊಂದು ವರ್ಷ ಎರಡು ಕುರಿ ಮಾರಿ ದುರ್ಯೋಧನನ ಪಾತ್ರ ತಗೊಂಡರು. ಮೂರು ತಿಂಗಳು ದಿನಾ ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಎದುರಿಗೆ ಕೂತು ಕಲಿತರು. ಗದ್ದೆಗೆ ನೀರು ಕಟ್ಟುವಾಗಲೂ ಅದೇ ಮಾತು, ಅದೇ ಪದ್ಯ. ಕಬ್ಬಿನ ಗದ್ದೆಯೇ ಹಸ್ತಿನಾವತಿ.

ನಾಟಕದ ರಾತ್ರಿ ಬಣ್ಣ ಹಚ್ಚಿಸಿಕೊಳ್ಳುವ ಮೊದಲು ಅಪ್ಪ ಬಣ್ಣದ ಪೆಟ್ಟಿಗೆಗೆ ಕೈಮುಗಿದರು. ಕಿರೀಟಕ್ಕೆ ಕೈಮುಗಿದರು. ನಾನು ನಗಾಡಿದೆ. ‘ಯಾಕಪ್ಪಾ, ಬಾಡಿಗೆ ಕಿರೀಟಕ್ಕೂ ನಮಸ್ಕಾರವಾ?’ ಅಂದೆ.

‘ಸುಮ್ಕಿರ್ಲಾ ಮಗ. ಇನ್ನೊಬ್ಬರ ರೂಪ ಹಾಕ್ಕತಾ ಇವ್ನಿ. ಕೇಳ್ದಲೆ ಹಾಕ್ಕಂಡ್ರೆ ಆದದಾ?’ ಅಂದರು.

ಆ ರಾತ್ರಿ ಗದೆ ಹೆಗಲಿಗೇರಿಸಿ ಅಪ್ಪ ರಂಗಕ್ಕೆ ಬಂದಾಗ ನನ್ನ ಪಕ್ಕದಲ್ಲಿ ಕೂತಿದ್ದ ಅವ್ವನಿಗೇ ಗುರುತು ಸಿಗಲಿಲ್ಲ. ಜನ ‘ಒನ್ಸ್ ಮೋರ್’ ಕೂಗಿದರು. ಲೈಟಿನ ಕಾವಿಗೆ ಬೆವರು ಇಳಿದು ಬಣ್ಣ ಕೆನ್ನೆಯ ಮೇಲೆ ಕಾಲುವೆ ಕೊರೆದಿತ್ತು. ಅಪ್ಪನ ಗುರುತು ಸಿಕ್ಕಿದ್ದು ಆ ಬೆವರಿನಿಂದ. ಉಳುವಾಗಲೂ ಅವರಿಗೆ ಮೊದಲು ಬೆವರುವುದು ಕೆನ್ನೆ. ಬೆಳಿಗ್ಗೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿ ಹಸುವಿನ ಹಾಲು ಕರೆಯೋಕೆ ಕೂತರು. ಕಣ್ಣಂಚಿನಲ್ಲಿ ಕಾಡಿಗೆ ಎರಡು ದಿನ ಹಾಗೇ ಇತ್ತು. ಕೌರವೇಶ್ವರ ಸಗಣಿ ಬಾಚುತ್ತಾ ಇದ್ದ.

ಎರಡು ಫೋಟೋ, ಒಂದು ಹಾರ

ಇನ್ನು ನಾನು ಕಂಡ ಇನ್ನೊಂದು ಥರದ ಮಾಯೆಯ ಕಥೆ. ಬೆಂಗಳೂರಿಗೆ ಬಂದ ಹೊಸದರಲ್ಲಿ ನಾನು ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದೆ. ಹುಟ್ಟುಹಬ್ಬದ ಶುಭಾಶಯ, ಅಣ್ಣಮ್ಮನ ಉತ್ಸವ, ಕಟೌಟು. ಮರಿ ಪುಢಾರಿಯ ಮುಖವನ್ನು ಕತ್ತರಿಸಿ ಕೋಟು ಹಾಕಿದ ಬೇರೆ ಮೈಗೆ ಅಂಟಿಸೋದು, ಅಭಿಮಾನಿಯನ್ನು ಹೀರೋ ಪಕ್ಕದಲ್ಲಿ ನಿಲ್ಲಿಸೋದು, ಇದೇ ಕೆಲಸ. ಮಾಯಾಬಜಾರು ನನ್ನ ಬೆರಳ ತುದಿಯಲ್ಲೇ ಇತ್ತು ಅನ್ನಿ! ಅದರಲ್ಲಿ ನನಗೆ ಖುಷಿಯೂ ಇತ್ತು. ಬಂದವರು ತಮ್ಮ ಮುಖ ತಾವೇ ತಂದುಕೊಡುತ್ತಿದ್ದರು, ನೋಡಿ ನಗುತ್ತಾ ಹೋಗುತ್ತಿದ್ದರು.

ಒಂದು ಸಂಜೆ ನನ್ನ ವಯಸ್ಸಿನವನೇ ಒಬ್ಬ ಬಂದ. ಮೊಬೈಲಿನಲ್ಲಿ ಎರಡು ಫೋಟೋ. ಒಂದು ಅವನದು. ಇನ್ನೊಂದು ಒಬ್ಬ ಹುಡುಗಿಯದು, ಬಸ್ ಸ್ಟಾಪಿನಲ್ಲಿ ನಿಂತವಳು, ಕ್ಯಾಮೆರಾ ಕಡೆ ನೋಡಿಯೇ ಇಲ್ಲ.

‘ಗುರೂ, ಇಬ್ಬರಿಗೂ ಹಾರ ಹಾಕ್ಸಿ ಮದುವೆ ಫೋಟೋ ಥರ ಮಾಡಿಕೊಡು. ಮೈ ಯಾವುದಾದ್ರೂ ಹೀರೋಯಿನ್‌ದು ಹಾಕು. ನಿಜ ಅನ್ನಿಸಬೇಕು.’

‘ಹುಡುಗಿ ಯಾರು?’ ಅಂದೆ.

‘ಮಾತಾಡಿಸಿದ್ರೆ ಮುಖ ತಿರುಗಿಸ್ಕೊಂಡು ಹೋಗ್ತಾಳೆ. ಫೋಟೋ ಅವಳ ಮನೆಗೆ ಹೋದ್ರೆ ತಾನೇ ದಾರಿಗೆ ಬರ್ತಾಳೆ’ ಅಂದ. ಅಷ್ಟು ಸಲೀಸಾಗಿ ಅಂದ!

ಕಂಪ್ಯೂಟರ್ ಹ್ಯಾಂಗ್ ಆಗಿದೆ ಅಂತ ಹೇಳಿ ಕಳಿಸಿದೆ. ಮರುದಿನ ಮತ್ತೆ ಬಂದ. ಆಗೋದಿಲ್ಲ ಅಂದೆ. ಓನರ್ರು ನನ್ನ ಮೇಲೆ ರೇಗಿದರು, ‘ಕಸ್ಟಮರ್ ಕೇಳಿದ್ದು ಮಾಡಿಕೊಡೋದು ನಿನ್ನ ಕೆಲಸ, ಪುರಾಣ ಹೇಳೋದಲ್ಲ’ ಅಂದರು. ಪುರಾಣವೇ ಅಲ್ಲವೇ ಮತ್ತೆ? ಅಪ್ಪ ಬಾಡಿಗೆ ಕಿರೀಟಕ್ಕೆ ಕೈಮುಗಿದದ್ದು ನನ್ನ ಕಣ್ಣ ಮುಂದೆ ಬಂತು. ವಾರದ ಸಂಬಳ ಅಲ್ಲೇ ಬಿಟ್ಟು ಹೊರಬಂದೆ. ಆ ಹುಡುಗ ಇನ್ನೊಂದು ಅಂಗಡಿಗೆ ಹೋದನೋ ಏನೋ, ಅಂಗಡಿಗಳಿಗೇನು ಬರ! ಆ ಹುಡುಗಿ ಕ್ಯಾಮೆರಾದ ಕಡೆ ಒಮ್ಮೆಯಾದರೂ ನೋಡಿದ್ದರೆ ಅವಳ ಮುಖ ಇಷ್ಟು ವರ್ಷ ನನಗೆ ನೆನಪಿರುತ್ತಿರಲಿಲ್ಲವೇನೋ.

ಸತ್ತವರೂ ಬಂದರು

ಹಾಗಂತ ಕಂಪ್ಯೂಟರಿನ ಮಾಯೆಯೆಲ್ಲ ರಾಕ್ಷಸವಿದ್ಯೆ ಅಂತ ನಾನು ಹೇಳ್ತಾ ಇಲ್ಲ. 1972ರ ಪುಟ್ಟಣ್ಣನವರ ‘ನಾಗರಹಾವು’ ಯಾರಿಗೆ ಗೊತ್ತಿಲ್ಲ? ಹೆಸರಲ್ಲಿ ಹಾವಿದ್ದರೂ ಅಲ್ಲಿ ರೂಪ ಬದಲಿಸುವ ಹಾವಿಲ್ಲ, ಬುಸುಗುಡುವ ರಾಮಾಚಾರಿ ಇದ್ದಾನೆ. ಅಲ್ಲಿಂದ 44 ವರ್ಷದ ಮೇಲೆ, 2016ರಲ್ಲಿ ಅದೇ ಹೆಸರಿನ ಇನ್ನೊಂದು ಚಿತ್ರ ಬಂತು. ಕೋಡಿ ರಾಮಕೃಷ್ಣ ನಿರ್ದೇಶನ, ರಮ್ಯಾ ನಾಗಿಣಿ. ಆದರೆ ನಾವು ಹೋದದ್ದು ನಾಗಿಣಿಗಾಗಿ ಅಲ್ಲ. 2009ರ ಡಿಸೆಂಬರ್ 30ರಂದು ನಮ್ಮನ್ನು ಬಿಟ್ಟುಹೋದ ವಿಷ್ಣು ಸರ್ ಅವರನ್ನು ಗ್ರಾಫಿಕ್ಸ್‌ನಲ್ಲಿ ಮತ್ತೆ ತರ್ತಾರೆ ಅಂತ ಸುದ್ದಿಯಾಗಿತ್ತು.

ತಂದರು. ಬೇರೊಬ್ಬರ ಮೈ, ಅದರ ಮೇಲೆ ಯಜಮಾನರ ಮುಖ. ಥಿಯೇಟರಿನಲ್ಲಿ ಶಿಳ್ಳೆ, ಚಪ್ಪಾಳೆ, ಕಾಗದದ ಚೂರು. ನನ್ನ ಪಕ್ಕದ ಸೀಟಿನ ನಡುವಯಸ್ಸಿನ ಆಟೋ ಡ್ರೈವರ್ ಮಾತ್ರ ಕೂಗಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬೆರಳ ಸಂದಿಯಲ್ಲಿ ನೋಡ್ತಾ ಇದ್ದರು. ಹೊರಗೆ ಬಂದ ಮೇಲೆ ‘ಹೆಂಗಿತ್ತಣ್ಣಾ?’ ಅಂದೆ. ‘ಮುಖ ಅವ್ರದೇ ಕಣಪ್ಪ. ನಡಿಗೆ ಅವ್ರದಲ್ಲ’ ಅಂದರು.

ಹೆಜ್ಜೆ! ಘಟೋತ್ಕಚನ ಕಾನೂನು ಇಲ್ಲೂ ಬಂತು ನೋಡಿ. ಆದರೆ ಆ ಮನುಷ್ಯ ಮೋಸ ಹೋದೆ ಅನ್ನಲಿಲ್ಲ, ಕಾಣದವರನ್ನು ಒಮ್ಮೆ ಕಂಡೆ ಅಂದರು. ಇದು ವಿಷ್ಣು ಅಲ್ಲ, ಚಿತ್ರ ಅಂತ ಎಲ್ಲರಿಗೂ ಮೊದಲೇ ಹೇಳಿದ್ದರು. 2022ರಲ್ಲಿ ಪುನೀತ್ ಅವರ ‘ಜೇಮ್ಸ್’ ಬಂದಾಗಲೂ ಹಾಗೇ. ತಮ್ಮನ ಮೈಗೆ ಅಣ್ಣ ಶಿವಣ್ಣ ದನಿ ಕೊಟ್ಟರು. ಆಮೇಲೆ ತಂತ್ರಜ್ಞಾನದಿಂದ ಪುನೀತ್ ಅವರದೇ ದನಿ ಕೂಡಿಸಿ ಮತ್ತೆ ತೋರಿಸಿದರು. ಮಾರೀಚ ಕದ್ದ ದನಿ ಒಂದು ಮನೆ ಮುರಿಯಿತು. ಶಿವಣ್ಣ ಕೊಟ್ಟ ದನಿ ಒಂದು ನಾಡಿನ ಅಳುವಿಗೆ ಜೊತೆಯಾಯಿತು.

ಇನ್ನೊಂದು ಕಡೆ ನೋಡಿ. 2023ರ ನವೆಂಬರ್‌ನಲ್ಲಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಹೆಣ್ಣುಮಗಳ ವಿಡಿಯೋಗೆ ಅಂಟಿಸಿ ಹರಿಯಬಿಟ್ಟರು. ಒಬ್ಬಳ ಮುಖ ಕದ್ದದ್ದು, ಇನ್ನೊಬ್ಬಳ ಮೈ ಕದ್ದದ್ದು. ಇಬ್ಬರನ್ನೂ ಕೇಳಿಲ್ಲ. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಒಬ್ಬನನ್ನು ಹಿಡಿದರು. ಇನ್‌ಸ್ಟಾಗ್ರಾಂನಲ್ಲಿ ಹಿಂಬಾಲಕರನ್ನು ಹೆಚ್ಚಿಸಿಕೊಳ್ಳೋಕೆ ಮಾಡಿದ್ದು ಅಂತ ಪೊಲೀಸರು ಹೇಳಿದರು. ಇಂದ್ರನಿಗಾದರೂ ಮೋಹ ಅನ್ನೋ ನೆಪ ಇತ್ತು!

ಇಂಥ ನಕಲಿಗೆ ಗುರುತು ಏನು? 2018ರಲ್ಲಿ ಅಮೆರಿಕದ ಸಂಶೋಧಕರು ಒಂದು ಗುರುತು ಹಿಡಿದಿದ್ದರು. ಆಗಿನ ನಕಲಿ ವಿಡಿಯೋಗಳಲ್ಲಿ ಮುಖಗಳು ಸರಿಯಾಗಿ ಕಣ್ಣು ಮಿಟುಕಿಸುತ್ತಿರಲಿಲ್ಲ! ಯಂತ್ರಕ್ಕೆ ಕಲಿಸಲು ಕೊಟ್ಟ ಫೋಟೋಗಳಲ್ಲಿ ಜನ ಕಣ್ಣು ಬಿಟ್ಟೇ ಇರುತ್ತಾರಲ್ಲ, ಅದಕ್ಕೆ. ದಮಯಂತಿ ಅಂದು ನೋಡಿದ್ದೂ ರೆಪ್ಪೆಯನ್ನೇ, ಇವರು ನೋಡಿದ್ದೂ ರೆಪ್ಪೆಯನ್ನೇ. ಆದರೆ ನಕಲಿ ಮಾಡುವವರು ಬೇಗ ಅದನ್ನೂ ತಿದ್ದಿಕೊಂಡರು. ಈಗ ನಕಲಿಯೂ ಕಣ್ಣು ಮಿಟುಕಿಸುತ್ತೆ. ಮುಂದೆ ಹೆಜ್ಜೆಯನ್ನೂ ಕಲಿಯಬಹುದು.

ಹಾಗಾದರೆ ಉಳಿದ ಗುರುತು ಯಾವುದು? ಗೆಳೆಯರೇ, ಪರದೆಯ ಮೇಲೆ ಹುಡುಕೋದನ್ನು ಬಿಟ್ಟು ಮಾಡುವವನನ್ನೇ ಕೇಳಬೇಕು. ಯಾರ ರೂಪ ಇದು? ಅವರನ್ನು ಕೇಳಿದೆಯಾ? ನೀನೇನು ಬೆಲೆ ಕೊಟ್ಟೆ? ಸಾವಿತ್ರಿ ಬೆಲೆ ಕೊಟ್ಟರು, ಸಾಳುಂಕೆ ಕೊಟ್ಟರು, ನಮ್ಮಪ್ಪ ಎರಡು ಕುರಿ ಮತ್ತು ಮೂರು ತಿಂಗಳ ನಿದ್ದೆ ಕೊಟ್ಟರು. ಆ ಫ್ಲೆಕ್ಸ್ ಅಂಗಡಿಗೆ ಬಂದವನು ಕೊಡಲು ತಯಾರಿದ್ದದ್ದು ನೂರೈವತ್ತು ರೂಪಾಯಿ. ಬೆಲೆ ತೆರಬೇಕಾಗಿದ್ದವಳು ಬಸ್ ಸ್ಟಾಪಿನಲ್ಲಿ ನಿಂತ ಹುಡುಗಿ.

‘ಮಾಯಾಬಜಾರ್’ ಚಿತ್ರದ ಕೊನೆಯಲ್ಲಿ ಸತ್ಯಪೀಠ ಅನ್ನೋ ಒಂದು ಪೀಠ ಬರುತ್ತೆ. ಅದರ ಮೇಲೆ ನಿಂತವನು ನಿಜ ಬಿಟ್ಟು ಬೇರೆ ಹೇಳಲಾರ. ಶಕುನಿಯಂಥ ಶಕುನಿಯೇ ಅದರ ಮೇಲೆ ನಿಂತು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿಬಿಡ್ತಾನೆ. ಅಂಥ ಪೀಠ ಅಂಗಡಿಯಲ್ಲಿ ಸಿಗೋದಿಲ್ಲ. ಆದರೆ ನಿಮ್ಮ ಕೈಯಲ್ಲಿರೋ ಮೊಬೈಲು ಈಗ ಘಟೋತ್ಕಚನ ವಿದ್ಯೆಯನ್ನೂ ಇಂದ್ರನ ವಿದ್ಯೆಯನ್ನೂ ಒಟ್ಟಿಗೇ ಕಲಿತುಬಿಟ್ಟಿದೆ. ಯಾರಾದರೂ ಗೆಳೆಯ ಒಂದು ಮುಖ ತಂದು ‘ಗುರೂ, ಇದನ್ನೊಂದು ಮಾಡಿಕೊಡು’ ಅಂದರೆ, ಆ ಮುಖದವಳು ಕ್ಯಾಮೆರಾ ಕಡೆ ನೋಡಿದ್ದಾಳಾ ಅಂತ ಒಮ್ಮೆ ಗಮನಿಸಿ. ನೋಡಿಲ್ಲ ಅಂದರೆ, ಕಂಪ್ಯೂಟರ್ ಹ್ಯಾಂಗ್ ಆಗಿದೆ ಅನ್ನಿ. ನಾನು ಕಲಿತ ಮಂತ್ರ ಅದೊಂದೇ, ನಿಮಗೂ ಕೊಟ್ಟಿದ್ದೇನೆ.